ಬೀಜಕ್ಕೆ ಬಿಟ್ಟ ಹೀರೆಕಾಯಿ

ಧ್ಯಾನಮಂದಿರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಎದುರಿಗೆ ‘ಅಮ್ಮ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಕಸದಮ್ಮ’. ಆಕೆಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಇರಬಾರದೇ ಮತ್ತೆ? ನಲವತ್ತು ಜನ ಉಂಡು ಮಲಗುವ ಜಾಗದಿಂದ ಒಂದು ಹಿಡಿ ಕಸ ಗೇಟು ದಾಟುತ್ತಿರಲಿಲ್ಲ. ಸ್ನಾನದ ನೀರು ತೋಟಕ್ಕೆ, ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ, ಹರಿದ ಬೆಡ್‌ಶೀಟು ನೆಲ ಒರೆಸಲಿಕ್ಕೆ. ತಟ್ಟೆಯಲ್ಲಿ ಊಟ ಬಿಟ್ಟವರನ್ನು ಆಕೆ ಬೈಯುತ್ತಿರಲಿಲ್ಲ, ಸುಮ್ಮನೆ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದಳು. ಅದಕ್ಕಿಂತ ಬೈದರೇ ವಾಸಿ ಎನ್ನಿಸುತ್ತಿತ್ತು.

ಆ ಸಲ ಆಕೆಯ ಕಣ್ಣು ಬಿದ್ದದ್ದು ಬಚ್ಚಲಮನೆಯ ಪ್ಲಾಸ್ಟಿಕ್ ಬ್ರಷ್ಷುಗಳ ಮೇಲೆ. ಮೈ ಉಜ್ಜಿಕೊಳ್ಳಲು ಪ್ಲಾಸ್ಟಿಕ್ಕೇ? ಥೂ! ತೋಟದ ಕೋಣೆಯ ಸೂರಿನಲ್ಲಿ ಏಳು ಒಣ ಹೀರೆಕಾಯಿ ನೇತಾಡುತ್ತಿದ್ದದ್ದು ನೆನಪಾಯಿತು. ಸಿಪ್ಪೆ ಸುಲಿದರೆ ಒಳಗೆ ಒಳ್ಳೆ ನಾರು, ಮೈ ಉಜ್ಜಲಿಕ್ಕೆ ಹೇಳಿ ಮಾಡಿಸಿದ ಹಾಗೆ. ಪ್ರತಿ ಕಾಯಿಯ ತೊಟ್ಟಿಗೂ ಕೆಂಪು ದಾರ ಕಟ್ಟಿತ್ತು. ದಾರ ಯಾಕೆ ಎಂದು ಆಕೆ ಒಂದು ಗಳಿಗೆಯಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಅದು ಐದು ದಿನದ ಮೌನಶಿಬಿರದ ನಾಲ್ಕನೇ ದಿನ. ಅತಿಥಿಗಳಿಗಷ್ಟೇ ಅಲ್ಲ, ಕೆಲಸದವರ ಬಾಯಿಗೂ ಬೀಗ. ತೀರಾ ಅಗತ್ಯವಿದ್ದರೆ ಬರೆದು ತೋರಿಸಲು ಸ್ಲೇಟು. ಆಕೆ ಜಗುಲಿಯಲ್ಲಿ ಕೂತು ಕಾಯಿ ಸುಲಿದು, ಕಪ್ಪು ಬೀಜಗಳನ್ನು ಸಿಪ್ಪೆಯ ಬಕೆಟ್ಟಿಗೆ ಕೊಡವಿ, ನಾರನ್ನು ತುಂಡು ಮಾಡಿದಳು. ಬಕೆಟ್ಟು ಹಿಡಿದು ಗುಂಡಿಯ ಕಡೆ ಹೊರಟಾಗ ತೋಟದಜ್ಜ ಎದುರಾದ. ಮೂವತ್ತು ವರ್ಷದಿಂದ ಅಲ್ಲೇ ಮಣ್ಣು ಕೆದಕಿಕೊಂಡಿದ್ದ ಮುದುಕ. ಬಕೆಟ್ಟಿನೊಳಗೆ ನೋಡಿದವನೇ ಬಾಯಿ ತೆರೆದ. ಆಕೆ ತುಟಿಯ ಮೇಲೆ ಬೆರಳಿಟ್ಟಳು. ಅವನು ಕೈ ಆಡಿಸಿದ, ಎದೆ ಮುಟ್ಟಿಕೊಂಡ, ಬಕೆಟ್ಟು ತೋರಿಸಿದ. ಆಕೆ ಸ್ಲೇಟು ಮುಂದೆ ಚಾಚಿದಳು. ಅವನು ಸ್ಲೇಟನ್ನು ನೋಡಿದ, ಆಕೆಯ ಮುಖ ನೋಡಿದ, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಕೆ ಬಕೆಟ್ಟನ್ನು ಹಬೆಯಾಡುತ್ತಿದ್ದ ಗುಂಡಿಗೆ ಸುರಿದು, ಸಲಿಕೆಯಿಂದ ಚೆನ್ನಾಗಿ ಮಗುಚಿದಳು.

ಮೌನ ಮುರಿದ ದಿನ ಅತಿಥಿಗಳು ನಾರನ್ನು ಹೊಗಳಿದ್ದೇ ಹೊಗಳಿದ್ದು. ಆಕೆ ಆ ಖುಷಿಯಲ್ಲೇ ತೋಟಕ್ಕೆ ಹೋಗಿ, “ಅಜ್ಜ, ಮುಂದಿನ ಸಲ ಇನ್ನೂ ಜಾಸ್ತಿ ಒಣಗಿಸಿಡಿ” ಎಂದಳು.

“ಎಲ್ಲಿಂದ ತರ್ಲಿ ಅಮ್ಮ? ಅವು ಬೀಜಕ್ಕೆ ಬಿಟ್ಟಿದ್ದ ಕಾಯಿ. ನಮ್ಮನೆಯವಳು ವರ್ಷಾ ವರ್ಷಾ ಆರಿಸಿ ಉಳಿಸಿಕೊಂಡು ಬಂದ ತಳಿ. ತೀರಿಹೋಗೋ ಮುಂಚೆ ಅವಳೇ ದಾರ ಕಟ್ಟಿದ್ಳು.”

ಆಕೆ ತೋಟದ ಕೋಣೆಯ ಖಾಲಿ ಸೂರಿನತ್ತ ನೋಡಿದಳು. “ಬೇರೆ ಕಡೆ ಒಂದು ನಾಲ್ಕು ಕಾಳಾದ್ರೂ ಇಟ್ಟಿರ್ತೀರಲ್ವಾ?”

“ಇಲ್ಲಮ್ಮ. ಕಾಯೊಳಗೇ ಇದ್ರೆ ಹುಳ ಹಿಡಿಯಲ್ಲ ಅಂತಿದ್ಳು.”

ಆಕೆ ಓಡಿದಳು. ಸೆರಗು ಸಿಕ್ಕಿಸಿ ಮೊಣಕೈವರೆಗೆ ಗುಂಡಿಯಲ್ಲಿ ಕೈ ಇಳಿಸಿದಳು. ಒಳಗೆ ಕೆಂಡದಂಥ ಬಿಸಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಜರಡಿ ಹಿಡಿದರೆ ಸಿಕ್ಕಿದ್ದು ಹನ್ನೊಂದು ಬೀಜ. ಬೆರಳಲ್ಲಿ ಒತ್ತಿದರೆ ಬೇಯಿಸಿದ ಕಾಳಿನಂತೆ ನುರಿದವು. ಮಿಂಚಿಹೋದ ಕೆಲಸಕ್ಕೆ ಚಿಂತಿಸಿ ಏನು ಬಂತು ಎನ್ನುತ್ತಾರೆ, ಹೇಳುವವರಿಗೇನು ಗೊತ್ತು! ಇವನಿಗೆ ಓದು ಬರಹ ಬಾರದೆಂದು ತನಗೆ ಗೊತ್ತಿತ್ತಲ್ಲ, ಆದರೂ ಸ್ಲೇಟು ಚಾಚಿದೆನಲ್ಲ ಎಂದು ಹಳಿದುಕೊಳ್ಳುತ್ತಾ ಆಕೆ ಮತ್ತೆ ಗುಂಡಿಗೆ ಕೈ ಹಾಕಿದಳು.

ತೋಟದಜ್ಜ ಬಂದು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. “ಸಾಕು ಬಿಡಿ ಅಮ್ಮ. ಕೈಗೆ ಬೊಬ್ಬೆ ಬರುತ್ತೆ.”

“ಬೈದುಬಿಡಿ ಅಜ್ಜ. ಬಾಯಿಗೆ ಬಂದ ಹಾಗೆ ಬೈದುಬಿಡಿ.”

“ನಿಮಗೇನಂತ ಬೈಲಿ? ಬೈಬೇಕಾದ್ದು ನನಗೆ.” ಅವನು ಮಣ್ಣನ್ನೇ ನೋಡುತ್ತಿದ್ದ. “ಬಕೆಟ್ಟು ನಿಮ್ಮ ಕೈಯಲ್ಲೇ ಇತ್ತು. ಒಂದು ಕೂಗು ಹಾಕಿದ್ರೆ ಆಗ್ತಿತ್ತು. ಕಿತ್ಕೊಂಡ್ರೂ ಆಗ್ತಿತ್ತು. ಮೂವತ್ತು ವರ್ಷ ಸಂಸಾರ ಮಾಡಿದವಳ ಬೀಜ ಅಮ್ಮ ಅದು... ಆದ್ರೂ ನಿಮಗೆ ಹೆದರ್ಕೊಂಡು ಸುಮ್ನೆ ನಿಂತುಬಿಟ್ಟೆ.”

ತಾನು ಇಲ್ಲಿಗೆ ಬಂದ ಹನ್ನೆರಡು ವರ್ಷದಲ್ಲಿ ಒಬ್ಬರಾದರೂ ತನಗೆ ಹೆದರುತ್ತಾರೆಂದು ಆಕೆಗೆ ಹೊಳೆದಿರಲಿಲ್ಲ. ಅದೆಲ್ಲ ಗೌರವ ಎಂದುಕೊಂಡಿದ್ದಳು. ಅಜ್ಜ ಎದ್ದು, ಆಕೆಯ ಅಪ್ಪಣೆಗೆ ಕಾಯುವವನಂತೆ ಸ್ವಲ್ಪ ಹೊತ್ತು ನಿಂತ.