ಗಾಳಿ ಎಳೆಯುವ ಬಾಯಿ

ಮಗಳು ವ್ಯಾನಿನ ಕಿಟಕಿಯೊಳಗೆ ಕೈ ಹಾಕಿ, ಕೀ ತಿರುಗಿಸಿ ಕಿತ್ತುಕೊಂಡಳು. ಇಂಜಿನ್ನು ಒಮ್ಮೆ ಮೈ ಕೊಡವಿ ನಿಂತಿತು.

"ಏಯ್, ಏನಮ್ಮಾ ಇದು!" ಸ್ಟೀರಿಂಗಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ ಡ್ರೈವರ್ ಗಡಬಡಿಸಿ ಎದ್ದ. "ಹೆಣ ಸಾಗಿಸೋ ಗಾಡಿ ಇದು."

"ಗೊತ್ತು. ನಮ್ಮಪ್ಪನ್ನೇ ಸಾಗಿಸ್ಬೇಕಿರೋದು. ನಿಮ್ಮ ಸೈಲೆನ್ಸರ್ ನೆಟ್ಟಗೆ ನಮ್ಮನೆ ಕಿಟಕಿಗೆ ಮುಖ ಮಾಡಿದೆ."

"ಸತ್ತೋರಿಗೆ ಹೊಗೆ ಏನ್ಮಾಡುತ್ತೆ?"

"ಸತ್ತೋರಿಗಲ್ಲ. ಇನ್ನೂ ಸಾಯದೆ ಒಳಗೆ ಕೂತಿದ್ದಾರಲ್ಲ, ಅವ್ರಿಗೆ." ಕೀಯನ್ನು ಅವನ ಮಡಿಲಿಗೆ ಹಾಕಿದಳು. "ಎತ್ತೋವಾಗ ಸ್ಟಾರ್ಟ್ ಮಾಡಿ."

ಮೆಟ್ಟಿಲ ಮೇಲೆ ಕೂತಿದ್ದ ಕೆಲಸಗಾರರಲ್ಲಿ ಯಾರೋ ಕಿಸಕ್ಕೆಂದು ನಕ್ಕು, ತಕ್ಷಣ ತಲೆ ತಗ್ಗಿಸಿದರು. ವೆಲ್ಡರ್ ತಗ್ಗಿಸಲಿಲ್ಲ. "ಮೇಸ್ತ್ರಿ ಇನ್ನೂ ಮನೆ ಬಿಟ್ಟಿಲ್ಲ, ಆಗಲೇ ಇವಳು ಡ್ಯೂಟಿ ಶುರು ಮಾಡಿದ್ಲು," ಎಂದ.

ಒಳಗೆ ಮಂಚದ ಸುತ್ತ ಹೆಂಗಸರು ಒತ್ತಾಗಿ ಕೂತಿದ್ದರು. ಮಂಚದ ತಲೆಯ ಕಡೆ ಗೋಡೆಯಲ್ಲಿ ಸುಣ್ಣ ಉಜ್ಜಿಹೋಗಿ ನುಣುಪಾದ ಒಂದು ಜಾಗವಿತ್ತು. ಕೊನೆಯ ತಿಂಗಳುಗಳಲ್ಲಿ ಅವಳಪ್ಪ ಮೇಸ್ತ್ರಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಲ್ಲಿಗೆ ತಲೆ ಆನಿಸಿ, ಕೂತೇ ನಿದ್ದೆ ಮಾಡುತ್ತಿದ್ದ.

"ನೋಡು," ಎಂದಳು ಅಮ್ಮ. "ಎಷ್ಟು ದಿನದ ಮೇಲೆ ಅಂಗಾತ ಮಲಗಿದಾರೆ."

ಸತ್ತವನ ತಂಗಿ ಮೂಗೊರೆಸಿಕೊಂಡಳು. "ಒಂದು ಬೀಡಿ ಮುಟ್ಟಿದೋನಲ್ಲ ನಮ್ಮಣ್ಣ. ಇಂಥ ಕಾಯಿಲೆ ಎಲ್ಲಿಂದ ಬಂತೋ."

"ಕೆಲಸದಿಂದ ಬಂತು, ಅತ್ತೆ."

"ಮೆತ್ತಗೆ ಹೇಳೇ ಮಾರಾಯ್ತಿ. ಹೊಟ್ಟೆಪಾಡಿಗೆ ನೀನೂ ಅಲ್ಲಿಗೇ ಹೋಗ್ಬೇಕಲ್ಲ."

ಅಲ್ಲಿಗೆ ಎಂದರೆ ನೆಲದಡಿಗೆ. ಪೇಟೆಯ ನಡುವೆ ಏಳುತ್ತಿದ್ದ ಕಟ್ಟಡಕ್ಕೆ ವಾಹನ ನಿಲ್ಲಿಸಲು ಕೆಳಗೆ ಅಂತಸ್ತುಗಳು ಬೇಕಿದ್ದವು. ಮೊದಲು ಮೇಲೆ ಸ್ಲ್ಯಾಬ್ ಹಾಕಿ, ಆಮೇಲೆ ಅದರಡಿಯಲ್ಲಿ ಮಣ್ಣು ತೋಡುವ ಪದ್ಧತಿ. ಸೂರು ಕಟ್ಟಿಕೊಂಡು ಆಮೇಲೆ ಮನೆ ಅಗೆದ ಹಾಗೆ. ಆ ಮುಚ್ಚಿದ ಗುಂಡಿಯೊಳಗೆ ಮಣ್ಣು ತುಂಬುವ ಒಂದು ಲೋಡರ್ ಮತ್ತು ಒಂದು ಡೀಸೆಲ್ ಜನರೇಟರ್ ಹೊಗೆ ಕಾರುತ್ತ ದಿನವಿಡೀ ಓಡುತ್ತಿದ್ದವು. ಲೋಡರ್ ಓಡಿಸುತ್ತಿದ್ದವನು ಮೇಸ್ತ್ರಿ. ಅವನು ಹಾಸಿಗೆ ಹಿಡಿದ ಮೇಲೆ ಆ ಸೀಟಿನಲ್ಲಿ ಮಗಳು ಕೂತಳು. ಅವನನ್ನು ಆಸ್ಪತ್ರೆಗೆ ಸೇರಿಸಿದರೆಂದು ಕೇಳಿ ಮೇಲೆ ಹತ್ತಿ ಬಂದ ಗ್ಯಾಂಗಿನವರು ಮತ್ತೆ ಇಳಿದಿರಲಿಲ್ಲ. ಜನರೇಟರ್ ಮೇಲೆ ಬರಬೇಕು, ಕೆಳಗೆ ಗಾಳಿ ಊದುವ ಫ್ಯಾನಿನ ಜಾಗ ಬದಲಾಗಬೇಕು, ಅಲ್ಲಿವರೆಗೆ ಯಾರೂ ಇಳಿಯುವುದಿಲ್ಲ ಎಂಬುದು ಅವರ ಪಟ್ಟು.

*

ಆ ಫ್ಯಾನ್ ತರಿಸಿದವನೂ ಮೇಸ್ತ್ರಿಯೇ. ಲೋಡರಿನ ಬಕೆಟ್ಟಿನಲ್ಲಿ ಕಾಲು ಚಾಚಿ ಕೂತು, "ಮೊದಲು ಗಾಳಿ ಬರಲಿ, ಆಮೇಲೆ ಮಣ್ಣು," ಎಂದು ಹಟ ಹಿಡಿದಿದ್ದ. ಆಳೆತ್ತರದ ಫ್ಯಾನ್ ಬಂತು. ಕೇಬಲ್ ಮಾತ್ರ ಗಿಡ್ಡ. ಅದು ಎಟುಕುವ ಕಡೆ, ಟಿಪ್ಪರುಗಳು ಇಳಿಯುವ ಇಳಿಜಾರಿನ ತಲೆಯಲ್ಲಿ, ಮೇಸ್ತ್ರಿ ಮುಂದೆ ನಿಂತು ಅದನ್ನು ಕೂರಿಸಿದ. ಬಟ್ಟೆಯ ಕೊಳವೆಯೊಳಗಿಂದ ಗಾಳಿ ಭರ್ರೆಂದು ಕೆಳಗಿಳಿಯಿತು. ಎಲ್ಲರೂ ಅಂಗಿಯ ಗುಂಡಿ ಬಿಚ್ಚಿ ಅದರ ಮುಂದೆ ನಿಂತರು. ವೆಲ್ಡರ್ ಕಣ್ಣು ಮುಚ್ಚಿಕೊಂಡು, "ಆಹಾ, ಸಮುದ್ರದ ದಂಡೆ," ಎಂದ.

ಆದರೆ ತಲೆನೋವು ಹೆಚ್ಚಾಯಿತು. ಕಣ್ಣುರಿ, ವಾಕರಿಕೆ. ನೀರು ಸರಿಯಿಲ್ಲ ಎಂದರು, ನಿದ್ದೆ ಸಾಲುತ್ತಿಲ್ಲ ಎಂದರು. ಗಾಳಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಜಗಳವಾಡಿ ಗೆದ್ದ ಗಾಳಿ ಅದು.

ಒಂದು ಮಧ್ಯಾಹ್ನ, ಲೋಡರ್ ಕಲಿಯಲು ಬರುತ್ತಿದ್ದ ಮಗಳ ಜೊತೆ ಟೀ ಕುಡಿಯಲು ಮೇಲೆ ಹತ್ತಿದ ಮೇಸ್ತ್ರಿ ಲೋಟ ಹಿಡಿದುಕೊಂಡು ಹಾಗೇ ನಿಂತ. ಮಣ್ಣಿಗಾಗಿ ಕಾಯುವ ಟಿಪ್ಪರುಗಳು ಒಂದರ ಹಿಂದೊಂದು ಗುರುಗುಟ್ಟುತ್ತಿದ್ದವು. ಅಷ್ಟರ ಹೊಗೆಯೂ ಫ್ಯಾನು ಗಾಳಿ ಎಳೆಯುವ ಬಾಯಿಯ ಕಡೆ ತಿರುಗಿ, ಒಳಗೆ ಹೋಗಿ, ಕಾಣೆಯಾಗುತ್ತಿತ್ತು.

ಅವನು ನಗತೊಡಗಿದ. ನಗು ಕೆಮ್ಮಾಯಿತು. ಕುಕ್ಕರುಗಾಲಲ್ಲಿ ಕೂತು, ಟೀ ಚೆಲ್ಲಿಕೊಂಡು, ಉಸಿರು ಸಿಕ್ಕಿದ ಮೇಲೆ ಹೇಳಿದ: "ಥೂ! ಜಗಳ ಆಡಿ ಹೊಗೆ ತರಿಸ್ಕೊಂಡ್ವಲ್ಲೇ! ಅದನ್ನ ಅಲ್ಲಿ ಕೂರಿಸಿದ್ದು ನಾನೇ."

ಎದ್ದವನೇ ಮೊದಲ ಟಿಪ್ಪರಿನ ಕೀ ಕಿತ್ತ. ಹಿಂದಿನದರದ್ದೂ. ಡ್ರೈವರುಗಳು ಅವನ ಮೈಮೇಲೆ ಏರಿ ಬಂದರು.

"ಬ್ಯಾಟರಿ ಸತ್ತಿದೆ ಕಣೋ! ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ!"

"ಆಗದಿದ್ರೆ ತಳ್ತೀವಿ."

ತಳ್ಳಿದರು. ಒಂದೊಂದು ಟಿಪ್ಪರಿನ ಸರದಿ ಬಂದಾಗಲೂ ಗ್ಯಾಂಗಿನವರು ಹೆಗಲು ಕೊಟ್ಟು ಅದನ್ನು ಇಳಿಜಾರಿಗೆ ನೂಕುತ್ತಿದ್ದರು, ಬಾಯ್ತುಂಬ ಬೈದುಕೊಳ್ಳುತ್ತ. ಉದ್ದ ಕೇಬಲ್ ಕೇಳಿದಾಗಲೆಲ್ಲ ಮ್ಯಾನೇಜರ್, "ಮುಂದಿನ ತಿಂಗಳು," ಎನ್ನುತ್ತಿದ್ದ. ಮೇಸ್ತ್ರಿ ಹಾಸಿಗೆ ಹಿಡಿದ. ಟಿಪ್ಪರುಗಳು ಮತ್ತೆ ಗುರುಗುಟ್ಟತೊಡಗಿದವು.

*

ಮ್ಯಾನೇಜರನ ಕಾರು ತಿರುವಿನಲ್ಲೇ ಇಂಜಿನ್ ಆಫ್ ಮಾಡಿಕೊಂಡು ಸದ್ದಿಲ್ಲದೆ ಉರುಳಿ ಬಂತು.

"ಪಾಠ ಕಲಿತಿದಾನೆ," ವೆಲ್ಡರ್ ಗೊಣಗಿದ.

ಮ್ಯಾನೇಜರ್ ಚಪ್ಪಲಿ ಬಿಟ್ಟು ಒಳಗೆ ಹೋದ, ಮಂಚದ ಬಳಿ ಒಂದು ಕ್ಷಣ ಕಣ್ಣು ಮುಚ್ಚಿ ನಿಂತ, ಅಮ್ಮನಿಗೆ ಕೈ ಮುಗಿದ. ಹೊರಗೆ ಬಂದಾಗ ಅವನ ಡ್ರೈವರ್ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಜಗಲಿಗೆ ಇಳಿಸಿದ್ದ.

"ಮಾಸ್ಕ್ ಅಮ್ಮ," ಎಂದ ಮ್ಯಾನೇಜರ್ ಮಗಳಿಗೆ. "ಸಾಮಾನ್ಯದ್ದಲ್ಲ, ಒಳ್ಳೇದೇ ತರಿಸಿದೀನಿ. ಅಪ್ಪ ಹೊಡೆದಾಡಿದ್ದೂ ಇದಕ್ಕೇ ಅಲ್ವಾ? ಹುಡುಗರ ಉಸಿರಿಗೆ. ಎಲ್ಲರೂ ಇಲ್ಲೇ ಇದಾರೆ. ಅಪ್ಪನ ಹೆಸರಲ್ಲಿ ನೀನೇ ನಿನ್ನ ಕೈಯಾರ ಹಂಚಿಬಿಡು. ನಾಳೆ ಬೆಳಿಗ್ಗೆ ಎಲ್ಲ ಸೇರಿ ಕೆಳಗಿಳಿಯೋಣ."

ಮಗಳು ಒಂದನ್ನು ಎತ್ತಿ, ಒತ್ತಿ ನೋಡಿದಳು. ನಿಜಕ್ಕೂ ಒಳ್ಳೆಯದಾಗಿತ್ತು. ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

"ಜನರೇಟರ್?"

"ಮೇಲೆ ಇಡೋಕೆ ಜಾಗ ನೋಡ್ತಿದೀವಿ."

"ಫ್ಯಾನು?"

"ಕೇಬಲ್ ಹೇಳಿದೀನಿ. ಮುಂದಿನ ತಿಂಗಳು ಗ್ಯಾರಂಟಿ."

ಮೆಟ್ಟಿಲ ಮೇಲಿಂದ ಒಂದು ನಿಟ್ಟುಸಿರು ಕೇಳಿತು. ಟಿಪ್ಪರುಗಳಿಗೆ ದಾರಿ ತೋರಿಸುವ ಸೀಟಿಯವನು ಒಂದು ಮಾಸ್ಕ್ ತೆಗೆದು ಮೂಗಿಗೆ ಹಿಡಿದ. "ಇದು ಹಾಕ್ಕೊಂಡ್ರೆ ಸೀಟಿ ಎಲ್ಲಿಂದ ಊದಲಿ ಸಾರ್? ಕಿವಿಯಿಂದಾ?"

ಯಾರೂ ನಗಲಿಲ್ಲ. ಕೆಲಸ ನಿಂತು ವಾರಗಳಾಗಿದ್ದವು, ಯಾರ ಅಡುಗೆಮನೆಯ ಡಬ್ಬಿಯೂ ತುಂಬಿರಲಿಲ್ಲ. ವೆಲ್ಡರ್ ಕೂಡ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಮಗಳಿಗೆ ಅದು ಕಂಡಿತು. ಅವಳು ಕೊಟ್ಟರೆ ಇವರು ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡರೆ ಇಳಿಯುತ್ತಾರೆ.

ಅತ್ತೆ ಅವಳ ಮೊಣಕೈ ತಿವಿದಳು. "ತಗೊಳ್ಳೇ. ಮನೆವರೆಗೆ ಬಂದು ಕೊಡ್ತಿದಾರೆ."

ಬಾಗಿಲಲ್ಲಿ ಅಮ್ಮ ನಿಂತಿದ್ದಳು. "ಹೊಗೆ ಬರೋ ಕಡೆ ಬಿಟ್ಟು ನಮ್ಮ ಮಕ್ಕಳ ಮೂತಿ ಮುಚ್ತೀರಾ?" ಎಂದಳು, ಜೋರಾಗಿ ಅಲ್ಲ.

ಮ್ಯಾನೇಜರ್ ಅವಳತ್ತ ತಿರುಗಲಿಲ್ಲ. ದನಿ ತಗ್ಗಿಸಿ ಮಗಳಿಗೆ ಹೇಳಿದ: "ನೋಡಮ್ಮ, ನಾಳೆ ಲೋಡರ್ ಸೀಟು ಖಾಲಿ ಇದ್ರೆ ಬೇರೆಯವ್ರನ್ನ ಕೂರಿಸ್ಬೇಕಾಗುತ್ತೆ. ನನ್ನ ಕೈಲಿಲ್ಲ ಅದು. ಅಪ್ಪನ ಸೀಟು, ಯಾಕೆ ಕಳ್ಕೋತೀಯಾ? ಇವ್ರಿಗೆಲ್ಲ ಆಮೇಲೆ ಕೊಟ್ರಾಯ್ತು. ಮೊದಲು ನೀನೊಂದು ಹಿಡ್ಕೋ."

ಅವನೇ ಬಗ್ಗಿ ಒಂದನ್ನು ತೆಗೆದು ಚಾಚಿದ. ಬಿಳಿ ಮಾಸ್ಕು, ಅದರ ಎರಡು ರಬ್ಬರ್ ಪಟ್ಟಿಗಳು ಅವನ ಬೆರಳಿನಿಂದ ಜೋತು ಅಲ್ಲಾಡುತ್ತಿದ್ದವು. ಮೆಟ್ಟಿಲ ಮೇಲಿದ್ದವರೆಲ್ಲ ಎದ್ದು ನಿಂತಿದ್ದರು.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ."