ತರಕಾರಿ ಡ್ರಾಯರಿನಲ್ಲಿ ಹದಿನೆಂಟು ರೋಲು

"ಸಮಸ್ತ ಕುಟುಂಬಸ್ಥರ ಗಮನಕ್ಕೆ ತರುವುದೇನೆಂದರೆ, ಈ ಮನೆಯ ಫ್ರಿಜ್ಜಿನ ತರಕಾರಿ ಡ್ರಾಯರು ಜೂನ್ ಒಂದನೇ ತಾರೀಕಿನಿಂದ ತರಕಾರಿಗೆ ಸಂಬಂಧಪಟ್ಟಿರುವುದಿಲ್ಲ. ಕ್ಯಾರೆಟ್ಟು, ಸೆಲರಿ ಮುಂತಾದವರು ತಮ್ಮ ಬದಲಿ ವ್ಯವಸ್ಥೆ ತಾವೇ ಮಾಡಿಕೊಳ್ಳತಕ್ಕದ್ದು."

ಹೀಗಂತ ನನ್ನ ಗಂಡ ಲೈಲ್ ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಡ್ರಾಯರ್ ಎಳೆದು ನೋಡಿದ್ರೆ ಹದಿನೆಂಟು ಫಿಲಂ ರೋಲು ತಣ್ಣಗೆ ಮಲಗಿದ್ವು. ಶಾಖಕ್ಕೆ ಫಿಲಂ ಕೆಡುತ್ತಂತೆ. ಎಲ್ಲಾ ಸ್ಲೈಡ್ ಫಿಲಂ. ತೊಳೆಸಿದ್ರೆ ಆಲ್ಬಮ್ಮಿಗೆ ಅಂಟಿಸೋ ಫೋಟೋ ಬರಲ್ಲ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಗಾಜಿನಂಥ ಚಿತ್ರ ಬರುತ್ತೆ. ಅದನ್ನ ಪ್ರೊಜೆಕ್ಟರಿಗೆ ಹಾಕಿ ಗೋಡೆ ಮೇಲೆ ನೋಡ್ಬೇಕು.

ಲೈಲ್ ಮನೆ ಬಿಸಿ ಮಾಡೋ ಫರ್ನೇಸ್ ರಿಪೇರಿಯವನು. ಮಿನೆಸೋಟಾದಲ್ಲಿ ಆ ಕೆಲಸ ಮಾಡೋನಿಗೆ ಆರು ತಿಂಗಳು ಮಾತಾಡೋಕೆ ಪುರುಸೊತ್ತಿರಲ್ಲ, ಇನ್ನಾರು ತಿಂಗಳು ಅಭ್ಯಾಸ ಇರಲ್ಲ. ನನ್ನ ತವರಿನವರೋ, ಊಟದ ಮೇಜಲ್ಲಿ ಉಸಿರಾಡೋಕೂ ಮಾತು ನಿಲ್ಲಿಸದವರು. ವರ್ಷಕ್ಕೊಂದು ಗಂಟೆ ಮಾತ್ರ ಲೈಲ್ ಮಾತಾಡ್ತಿದ್ದ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿ ಮುಗಿದು, ಕುಂಬಳಕಾಯಿ ಪೈ ಮುಗಿದು, ನಮ್ಮಮ್ಮನ ಮನೆ ಹಾಲಲ್ಲಿ ಆ ಬೇಸಿಗೆಯ ಪ್ರವಾಸದ ಸ್ಲೈಡ್ ತೋರಿಸೋವಾಗ. ಕೈಯಲ್ಲಿ ಪ್ರೊಜೆಕ್ಟರಿನ ಗುಂಡಿ, ಕತ್ತಲಲ್ಲಿ ದನಿ. ಹನ್ನೊಂದು ವರ್ಷದಿಂದ ಆ ಒಂದು ಗಂಟೆ ಅವನದು.

ಹೋದ ವರ್ಷ ಅದಕ್ಕೆ ಗಂಡಾಂತರ ಬಂತು, ನನ್ನ ಗಂಡನಿಂದಲೇ. ಗುಹೆ ನೋಡೋಕೆ ಹೋದವನು ಬಿಸಿಲಿಗೆ ಹಾಕೋ ಫಿಲಂ ಒಂದನ್ನೇ ಒಯ್ದಿದ್ದ. ಛಾಯೆ ಹೋಗಿ ಬರೀ ಗ್ರಹಣ ಉಳೀತು.

"ಏನಪ್ಪಾ ಲೈಲ್, ಇದು ಗುಹೆ ಒಳಗೋ, ನಿನ್ನ ಜೇಬಿನ ಒಳಗೋ?" ಅಂದ ನಮ್ಮಣ್ಣ ಡ್ವೈಟ್. ಅವನು ಅದೇ ವಾರ ಹೆಗಲ ಮೇಲೆ ಹೊರೋ ವಿಡಿಯೋ ಕ್ಯಾಮೆರಾ ತಗೊಂಡಿದ್ದ.

ನಮ್ಮಮ್ಮ ಆರ್ಡಿಸ್‌ಗೆ ಎಪ್ಪತ್ತಾರು. ಅವಳು ತೀರ್ಪು ಕೊಟ್ಟಳು: "ಮುಂದಿನ ಬೇಸಿಗೆ ಎಲ್ಲಾರೂ ಒಟ್ಟಿಗೆ ಫ್ಲೋರಿಡಾದ ದೊಡ್ಡ ಪಾರ್ಕಿಗೆ ಹೋಗೋಣ. ಲೈಲ್, ನಿಂದು ಮೊದ್ಲು ನೋಡ್ತೀವಿ. ನೆಟ್ಟಗೆ ಕಾಣಿಸಿದ್ರೆ ಆ ಗಂಟೆ ನಿಂದೇ. ಕಾಣಿಸ್ಲಿಲ್ಲ ಅಂದ್ರೆ ಇನ್ಮೇಲೆ ಡ್ವೈಟ್‌ದು. ನನಗೂ ವಯಸ್ಸಾಯ್ತು, ಕಪ್ಪು ಗೋಡೆ ನೋಡ್ಕೊಂಡು ಕೂರೋಕಾಗಲ್ಲ."

ಲೈಲ್ ಚಳಿಗಾಲ ಪೂರ್ತಿ ಲೈಬ್ರರಿಯಿಂದ ಪುಸ್ತಕ ತಂದು ಓದಿದ. ಮೇ ತಿಂಗಳಲ್ಲಿ ಅಡುಗೆಮನೆ ಮೇಜಿನ ಮೇಲೆ ರೋಲುಗಳನ್ನ ಸಾಲಾಗಿ ನಿಲ್ಲಿಸಿ ನಮ್ಮ ಮಗಳು ಟೋನ್ಯಾಗೆ ಪಾಠ ಶುರು ಮಾಡಿದ.

"ಸ್ಪೀಡು ಜಾಸ್ತಿ ಇದ್ದಷ್ಟೂ ಫಿಲಮ್ಮಿಗೆ ಕಡಿಮೆ ಬೆಳಕು ಸಾಕು. ಅರವತ್ನಾಲ್ಕು ಸ್ಪೀಡು, ಮಟಮಟ ಮಧ್ಯಾಹ್ನಕ್ಕೆ. ಇನ್ನೂರು, ಮೋಡ, ಮೆರವಣಿಗೆ, ರೋಲರ್ ಕೋಸ್ಟರ್. ನಾನೂರು, ಕಟ್ಟಡದ ಒಳಗಿನ ಕತ್ತಲೆ ಸವಾರಿಗೆ."

"ಎಲ್ಲದಕ್ಕೂ ನಾನೂರೇ ಹಾಕಿದ್ರೆ ಆಗಲ್ವಾ ಅಪ್ಪಾ?"

"ಆಗುತ್ತೆ. ಆದ್ರೆ ಸ್ಪೀಡು ಜಾಸ್ತಿ ಆದಷ್ಟೂ ಚಿತ್ರ ಕಾಳುಕಾಳು. ನಿಮ್ಮಮ್ಮನ ಮುಖ ಓಟ್ಸ್ ಗಂಜಿ ಥರ ಬರುತ್ತೆ."

"ಅದು ಈಗ್ಲೂ..."

"ಟೋನ್ಯಾ!" ಅಂದೆ ನಾನು.

"ರಾತ್ರಿ ಪಟಾಕಿಗೆ ನಾನೂರು ತಾನೇ?"

"ಅಲ್ಲೇ ಎಲ್ಲಾರೂ ಎಡವೋದು," ಅಂದ ಲೈಲ್. ಅವನ ಕಣ್ಣು ಮಿಂಚಿದ್ದು ನಮ್ಮ ಮದುವೆ ದಿನ ಬಿಟ್ರೆ ಆವತ್ತೇ. "ಪಟಾಕಿಗೂ ಅರವತ್ನಾಲ್ಕೇ. ಸ್ಟ್ಯಾಂಡ್ ಹಾಕಿ, ಶಟರ್ ತೆಗೆದಿಟ್ಟು, ಸುಮ್ಮನೆ ಕಾಯ್ಬೇಕು. ಅದೇ ಬಂದು ಬರ್ಕೊಂಡು ಹೋಗುತ್ತೆ."

ಸುಮ್ಮನೆ ಕಾಯೋ ವಿದ್ಯೆ ನನ್ನ ಗಂಡನಿಗೆ ಹೇಳಿಕೊಡಬೇಕಾಗಿಲ್ಲ.

ಎರಡು ಕ್ಯಾಮೆರಾ, ಅರ್ಧದಲ್ಲಿ ರೋಲು ಬದಲಾಯಿಸೋ ತಾಪತ್ರಯ ಬೇಡ ಅಂತ. ಮೂರು ಲೆನ್ಸು: ಗುಂಪಿಗೊಂದು, ಮುಖಕ್ಕೊಂದು, ದೂರಕ್ಕೊಂದು. ಸ್ಟ್ಯಾಂಡು, ಫ್ಲಾಶು, ಅದರ ಬ್ಯಾಟರಿ, ಬ್ಯಾಟರಿಯ ಬ್ಯಾಟರಿ. ಚೀಲ ತೂಗಿದ್ರೆ ಹತ್ತೊಂಬತ್ತು ಪೌಂಡು. ಟೋನ್ಯಾ ಹುಟ್ಟಿದಾಗ ಏಳೂ ಇರ್ಲಿಲ್ಲ, ಅವಳನ್ನ ಇಷ್ಟು ಹುಷಾರಾಗಿ ಎತ್ಕೊಂಡೂ ಇರ್ಲಿಲ್ಲ. ಡ್ವೈಟ್ ತಂದಿದ್ದು ಒಂದು ಕ್ಯಾಮೆರಾ, ಒಂದು ಕ್ಯಾಸೆಟ್ಟು, ಬೇಕಾದಷ್ಟು ಬಾಯಿ.

ಫ್ಲೋರಿಡಾಗೆ ವ್ಯಾನಲ್ಲಿ ಮೂರು ದಿನ. ಐಸ್ ಪೆಟ್ಟಿಗೇಲಿ ಫಿಲಂ ಕೂತಿತ್ತು, ಹ್ಯಾಮ್ ಸ್ಯಾಂಡ್‌ವಿಚ್ಚು ಕಿಟಕಿ ಪಕ್ಕ ಬಿಸಿಲು ಕಾಯಿಸ್ಕೊಳ್ತಿತ್ತು. ಜಾರ್ಜಿಯಾ ದಾಟೋ ಹೊತ್ತಿಗೆ ನಾವು ಸ್ಯಾಂಡ್‌ವಿಚ್ಚಿನ ಜೊತೆ ಮಾತು ಬಿಟ್ಟಿದ್ವಿ.

ಪಾರ್ಕಲ್ಲಿ ಲೈಲ್ ಬೇರೆ ಮನುಷ್ಯ. ನೆರಳು ಸರಿಯೋಕೆ ಮುಂಚೆ ಅಲ್ಲಿ, ಮೆರವಣಿಗೆ ಬರೋಕೆ ಮುಂಚೆ ಇಲ್ಲಿ. ನಮ್ಮಮ್ಮ ಹಟ ಹಿಡಿದು ದೊಡ್ಡ ರೋಲರ್ ಕೋಸ್ಟರಿನ ಮುಂದಿನ ಸೀಟಲ್ಲಿ ಕೂತಳು. ಲೈಲ್ ದೂರದ ಲೆನ್ಸ್ ಹಾಕಿ ಇಳಿಜಾರಿನ ಎದುರಿಗೆ ಮೊಣಕಾಲೂರಿ ಕೂತ.

"ನೀನು ಲೆನ್ಸ್ ತಿರುಗಿಸೋದ್ರೊಳಗೆ ಅಮ್ಮ ಇನ್ನೆರಡು ಸುತ್ತು ಹೋಗಿ ಬರ್ತಾಳೆ ಕಣೋ," ಅಂದ ಡ್ವೈಟ್.

ಬಂಡಿ ಧಡಾರಂತ ಇಳೀತು. ಒಂದು ಸಲ ಕ್ಲಿಕ್ ಅಂತು.

"ಸಿಕ್ತು," ಅಂದ ಲೈಲ್.

ಆಗಸ್ಟಲ್ಲಿ ಲ್ಯಾಬಿಂದ ಡಬ್ಬಿಗಳು ಬಂದ್ವು. ನನ್ನ ಗಂಡನ್ನ ಹೊಗಳಿ ನನಗೆ ರೂಢಿ ಇಲ್ಲ, ಆದ್ರೂ ಹೇಳ್ತೀನಿ: ಒಂದೂ ಕೆಟ್ಟಿರ್ಲಿಲ್ಲ. ನಮ್ಮಮ್ಮ ಎರಡೂ ಕೈ ಮೇಲೆತ್ತಿ, ಬಿಳಿ ಕೂದಲು ಬೆಂಕಿ ಥರ ಹಿಂದಕ್ಕೆ ಹಾರಿ, ಬಾಯಿ ಅಷ್ಟಗಲ. ಭಯವೋ ಖುಷಿಯೋ ಗೊತ್ತಾಗಲ್ಲ, ಹಲ್ಲು ಮಾತ್ರ ಎಣಿಸಬಹುದು. ಪಟಾಕಿಗಳು ಕಪ್ಪು ಆಕಾಶದಲ್ಲಿ ತಾವಾಗೇ ಬಂದು ಬರ್ಕೊಂಡು ಹೋಗಿದ್ವು. ಪ್ರೊಜೆಕ್ಟರಿನ ಚಕ್ರದಲ್ಲಿ ಎಂಬತ್ತು ಸ್ಲೈಡಿಗೆ ಜಾಗ; ಲೈಲ್ ಎರಡು ತಿಂಗಳು ಕೂತು ಎಂಬತ್ತು ಆರಿಸಿದ. ಒಂದು ಸಂಜೆ ನೆಲಮಾಳಿಗೆಗೆ ಬಟ್ಟೆ ಒಗೆಯೋಕೆ ಇಳಿದ್ರೆ, ಅವನು ನಮ್ಮನೆ ಫರ್ನೇಸಿಗೆ ಹೇಳ್ತಿದ್ದ: "ಇದು... ಇದು ಆರ್ಡಿಸ್. ನಾವ್ಯಾರೂ ಹತ್ತಲಿಲ್ಲ. ಅವರು ಹತ್ತಿದ್ರು." ನಾನು ಸದ್ದು ಮಾಡದೆ ಬುಟ್ಟಿ ಸಮೇತ ವಾಪಸ್ ಬಂದೆ.

ಸೆಪ್ಟೆಂಬರಲ್ಲಿ ನಮ್ಮಮ್ಮ ಖುಷಿಯಿಂದ ಮನೆ ಮಾರಿ, ಹಿರಿಯರಿಗೆ ಅಂತ ಹೊಸದಾಗಿ ಕಟ್ಟಿದ ಅಪಾರ್ಟ್‌ಮೆಂಟಿಗೆ ಹೋದಳು. ಅಲ್ಲಿ ಇಸ್ಪೀಟಿಗೆ ಜೊತೆ ಸಿಗುತ್ತಂತೆ. ಅವಳ ಎರಡು ರೂಮಲ್ಲಿ ನಾವೆಲ್ಲ ಹಿಡಿಸಲ್ಲ ಅಂತ ಥ್ಯಾಂಕ್ಸ್‌ಗಿವಿಂಗಿಗೆ ಕೆಳಗಿನ ಸಾರ್ವಜನಿಕ ಹಾಲನ್ನ ಬುಕ್ ಮಾಡಿದಳು. ಹದಿನಾಲ್ಕು ಜನ ಸೇರಿದ್ವಿ. ಟರ್ಕಿ ಆಯ್ತು, ಪೈ ಆಯ್ತು. ಟೋನ್ಯಾ ಕಿಟಕಿ ಪರದೆ ಎಳೆದಳು. ಲೈಲ್ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಚಕ್ರ ಕೂರಿಸಿ, ಗಂಟಲು ಸರಿಮಾಡ್ಕೊಂಡು, "ಲೈಟು," ಅಂದ.

ಲೈಟು ಆರಲಿಲ್ಲ. ಸ್ವಿಚ್ಚಿನ ಮೇಲೊಂದು ತಗಡಿನ ಮುಚ್ಚಳ, ಅದಕ್ಕೆ ಬೀಗ.

ಮ್ಯಾನೇಜರ್ ಮಿಸೆಸ್ ಟಾಲೆಫ್ಸನ್ ಕೀ ಗೊಂಚಲು ಹಿಡ್ಕೊಂಡೇ ಬಂದ್ರು, ಬಾಗಿಲು ಮಾತ್ರ ದಾಟಿ ಬರಲಿಲ್ಲ. "ಕ್ಷಮಿಸಿ, ಬೆಂಕಿ ಸುರಕ್ಷತೆ ನಿಯಮ. ಹತ್ತು ಜನಕ್ಕಿಂತ ಜಾಸ್ತಿ ಇದ್ರೆ ಈ ಹಾಲಲ್ಲಿ ದೀಪ ಆರಿಸಂಗಿಲ್ಲ."

"ಹಾಗಾದ್ರೆ ನಾಲ್ಕು ಜನ ಆಚೆ ನಿಲ್ತೀವಿ," ಅಂದೆ ನಾನು. ಹೇಳಿದ್ದೇ ತಡ, ಡ್ವೈಟ್ ಎದ್ದು ನಿಂತ. ಅವನಿಗೆ ಅಷ್ಟು ಮರ್ಯಾದೆ ಇದೆ ಅಂತ ನನಗೆ ಗೊತ್ತಿರ್ಲಿಲ್ಲ. ಅವನ ಇಬ್ಬರು ಮಕ್ಕಳೂ ಗೊಣಗ್ತಾ ಎದ್ರು. ನಾನೂ ಎದ್ದೆ.

"ಅದು ಹಾಗಲ್ಲಮ್ಮ," ಅಂದ್ರು ಮಿಸೆಸ್ ಟಾಲೆಫ್ಸನ್. "ತಲೆ ಎಣಿಸೋ ಪದ್ಧತಿ ಇಲ್ಲ. ಬುಕಿಂಗ್ ಫಾರಮ್ಮಲ್ಲಿ ಎಷ್ಟು ಬರೆದಿರ್ತೀರೋ ಅಷ್ಟು. ನಿಮ್ಮ ತಾಯಿ ಹದಿನಾಲ್ಕು ಅಂತ ಬರೆದಿದ್ದಾರೆ."

"ಈಗ ಹತ್ತು ಅಂತ ತಿದ್ದಿ," ಅಂದ ಲೈಲ್.

"ತಿದ್ದೋಕೆ ಎಪ್ಪತ್ತೆರಡು ಗಂಟೆ ಮುಂಚೆ ಅರ್ಜಿ ಕೊಡ್ಬೇಕು."

ಲೈಲ್ ಆದ್ರೂ ಗುಂಡಿ ಒತ್ತಿದ. ಎಂಟು ಟ್ಯೂಬ್‌ಲೈಟಿನ ಕೆಳಗೆ ಬೆಡ್‌ಶೀಟ್ ಮೇಲೆ ಬಂದಿದ್ದು ಬೆಡ್‌ಶೀಟು. ಇನ್ನೊಂದು ಒತ್ತಿದ. ಅದೂ ಬೆಡ್‌ಶೀಟೇ. ಕತ್ತಲಿಗೆ, ಮೋಡಕ್ಕೆ, ನೆರಳಿಗೆ, ಎಲ್ಲಾ ಕೊರತೆಗೂ ಅವನ ಹತ್ರ ಒಂದೊಂದು ಸ್ಪೀಡು ಇತ್ತು. ಬೆಳಕಿನ ಸಮೃದ್ಧಿಗೆ ಯಾವ ಫಿಲಮ್ಮೂ ಇರ್ಲಿಲ್ಲ.

"ಇದು ಆರ್ಡಿಸ್," ಅಂದ ಮೆಲ್ಲಗೆ.

ನಮ್ಮಮ್ಮ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದಳು. "ಏನೂ ಕಾಣಿಸ್ತಿಲ್ವಲ್ಲೋ ಲೈಲ್," ಅಂದಳು. ದನಿಯಲ್ಲಿ ಬೇಜಾರಿತ್ತು. ಆದ್ರೂ ತೀರ್ಪು ತೀರ್ಪೇ.

ಡ್ವೈಟ್ ಮೂಲೆಯಲ್ಲಿದ್ದ ಟೀವಿಗೆ ಕ್ಯಾಸೆಟ್ ಹಾಕಿದ. ಮೊದಲ ಒಂಬತ್ತು ನಿಮಿಷ ಅವನ ಬಲಗಾಲಿನ ಬೂಟು. ಕ್ಯಾಮೆರಾ ಆರಿಸೋಕೆ ಮರೆತು ನೆಲದ ಕಡೆ ಜೋಲು ಬಿಟ್ಕೊಂಡು ಪಾರ್ಕೆಲ್ಲಾ ತಿರುಗಿದ್ದ. ಬೂಟು ಮಾತ್ರ ಲಕಲಕ ಅಂತ ಕಾಣಿಸ್ತಿತ್ತು. ಯಾರೂ ಕಣ್ಣು ಮಿಟುಕಿಸಲಿಲ್ಲ.

"ಬೂಟು ಚೆನ್ನಾಗಿದೆ ಕಣೋ. ಎಲ್ಲಿ ತಗೊಂಡೆ?" ಅಂದಳು ನಮ್ಮಮ್ಮ.

ಡ್ವೈಟ್ ಹೇಳೋಕೆ ಶುರು ಮಾಡಿದ. ಲೈಲ್ ಪ್ರೊಜೆಕ್ಟರಿನ ವೈರು ಸುತ್ತುತ್ತಾ ನಿಂತಿದ್ದ. ಮಿಸೆಸ್ ಟಾಲೆಫ್ಸನ್ ಒಳಗೆ ಬಂದು, ಕುರ್ಚಿ ಎಳ್ಕೊಂಡು, ಬೂಟು ನೋಡ್ತಾ ಕೂತ್ರು. ಹದಿನೈದು ಜನ ಆದ್ವಿ.