ಯಾರನ್ನೂ ಕೇಳದ ದಾರಿ

"‘ಸಾವ್ಕಾರ್ರನ್ನ ಕೇಳೇ ಓಡಾಡ್ತಿದ್ವಿ’ ಅನ್ನು. ಅಷ್ಟು ಸಾಕು," ಎಂದ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಕೀರ್ತಿಕುಮಾರ್. ಕೋರ್ಟಿನ ಹೊರಗೆ, ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿನ್ ಗಂಡನ ಕಾವಲು ಕೆಲ್ಸ ಉಳೀತದೆ. ನಿಂದೂ ಉಳೀತದೆ. ಯೋಚನೆ ಮಾಡು ಜವರಿ."

ಜವರಿ ತಲೆಯಾಡಿಸಿದಳು. ಒಪ್ಪಿದೆನೋ ಹೆದರಿದೆನೋ ಅವಳಿಗೇ ತಿಳಿಯಲಿಲ್ಲ.

ಸುಂಟಿಕೊಪ್ಪದ ಆಚೆ ರೇಣುಕಪ್ರಸಾದರ ಕಾಫಿ ತೋಟ. ಅದರ ಹಿಂದೆ ಹದಿನೆಂಟು ಮನೆಗಳ ಕಾಲೊನಿ. ಅಲ್ಲಿಂದ ಬಸ್ಸಿನ ರಸ್ತೆಗೆ ಇರುವುದು ತೋಟದ ನಡುವಿನ ಒಂದೇ ದಾರಿ. ಹೋಂಸ್ಟೇ ಕಟ್ಟಲು ಹೊರಟ ರೇಣುಕಪ್ರಸಾದರು ಎರಡು ವರ್ಷದ ಹಿಂದೆ ಆ ದಾರಿಗೆ ಕಬ್ಬಿಣದ ಗೇಟು ಹಾಕಿಸಿದರು. ಒಬ್ಬೊಬ್ಬರೇ ನುಸುಳುವಷ್ಟು ಸಂದು ಬಿಟ್ಟಿದ್ದರು, ಗಾಡಿ ಬರುವಂತಿರಲಿಲ್ಲ. ಬೀಗದ ಕೀ ಅವಳ ಗಂಡ ಕೆಂಚನ ಸೊಂಟದಲ್ಲೇ ಇತ್ತು. ಆದರೆ ಸಾವ್ಕಾರರು ಹೇಳದೆ ತೆಗೆಯುವ ಧೈರ್ಯ ಅವನಿಗಿರಲಿಲ್ಲ. ಈಗ ಸೊಸೆ ಯಮುನಾ ಏಳು ತಿಂಗಳ ಬಸುರಿ.

ಗೇಟು ತೆಗೆಸಲು ದಾವೆ ಹೂಡಿದ್ದ ಕಾಲೊನಿಯವರಿಗೆ ಅವರ ವಕೀಲರು ಬಿಡಿಸಿ ಹೇಳಿದ್ದರು. ಅಪ್ಪಣೆ ಪಡೆದು ಓಡಾಡಿದ್ದರೆ ಅದು ಮಾಲೀಕರ ದಯೆ, ಯಾವಾಗ ಬೇಕಾದರೂ ನಿಲ್ಲಿಸಬಹುದು. ಯಾರನ್ನೂ ಕೇಳದೆ, ಯಾರೂ ತಡೆಯದೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎಲ್ಲರೆದುರು ಓಡಾಡಿದ್ದರೆ ಹಕ್ಕು. ಅದನ್ನು ಸಾಕ್ಷಿ ಹೇಳಬೇಕಿದ್ದ ಇನ್ನಿಬ್ಬರು ಬೆಳಿಗ್ಗೆ ಬಸ್ಸು ಹತ್ತಲೇ ಇಲ್ಲ. ಅವರೂ ಅದೇ ತೋಟದ ಕೆಲಸದವರು.

ಒಳಗೆ ಹೆಸರು ಕೂಗಿದರು. ಜವರಿ ಸಾಕ್ಷಿಕಟ್ಟೆ ಹತ್ತಿ ನಿಂತಳು. ಎದುರು ಬೆಂಚಿನಲ್ಲಿ ರೇಣುಕಪ್ರಸಾದರು ಕುಳಿತಿದ್ದರು. ಸಿಟ್ಟಿನ ಮುಖವಲ್ಲ, ಸಂಬಳದ ದಿನ ‘ಮಕ್ಳು ಚೆನ್ನಾಗಿದ್ದಾರಾ’ ಎಂದು ವಿಚಾರಿಸುವ ಅದೇ ಮುಖ. ಅದನ್ನು ಕಂಡು ಅವಳಿಗೆ ಇನ್ನಷ್ಟು ದಿಗಿಲಾಯಿತು.

"ಆ ಜಾಗ ರೇಣುಕಪ್ರಸಾದರ ಪಹಣಿಯಲ್ಲಿದೆ. ಗೊತ್ತಲ್ಲ?" ಅವರ ವಕೀಲರು ಕೇಳಿದರು.

"ಗೊತ್ತು ಸಾ."

"ಅವರ ಅಪ್ಪಣೆ ಪಡೆದೇ ನೀವೆಲ್ಲ ಓಡಾಡ್ತಿದ್ರಿ. ಹೌದೋ ಅಲ್ವೋ?"

ಜವರಿ ರೇಣುಕಪ್ರಸಾದರತ್ತ ನೋಡಿದಳು. ಹೌದು ಎಂದರೆ ಮುಗಿಯಿತು. ಸಂಜೆ ನೆಮ್ಮದಿಯಾಗಿ ಮನೆಗೆ ಹೋಗಬಹುದು.

"ಹೆದರ್ಬೇಡಿ ಅಮ್ಮ. ನಿಧಾನವಾಗಿ ಹೇಳಿ," ಎಂದರು ನ್ಯಾಯಾಧೀಶೆ.

"ನನ್ ಮಗ ಮುತ್ತ ಹುಟ್ಟಿದ್ದು ಆ ದಾರೀಲೇ ಸಾ," ಎಂದಳು ಜವರಿ, ವಕೀಲರತ್ತ ತಿರುಗಿ. ದನಿ ಅವಳಿಗೇ ದೂರದಿಂದ ಕೇಳಿದಂತಿತ್ತು. "ಆಸ್ಪತ್ರೆಗೆ ಅಂತ ನಡ್ಕೊಂಡು ಹೊರಟಿದ್ದೆ. ಮೋರಿ ದಾಟೋದ್ರಲ್ಲಿ ಆಗೋಯ್ತು. ಅವನಿಗೀಗ ಇಪ್ಪತ್ತಾರು ವರ್ಷ. ಅವತ್ತು ನಾನು ಯಾರ್ನ ಕೇಳ್ಬೇಕಿತ್ತು?"

ವಕೀಲರು ಕಾಗದ ತಿರುವಿದರು. "ಕೇಳಿದ್ದಕ್ಕೆ ಮಾತ್ರ ಹೇಳಿ. ಅಪ್ಪಣೆ ಪಡೆದಿದ್ರಾ?"

"ಇಲ್ಲ. ಯಾವತ್ತೂ ಕೇಳಿಲ್ಲ. ಯಾರೂ ಬೇಡ ಅಂದೂ ಇಲ್ಲ."

ಟೈಪಿನವನ ಬೆರಳು ಟಕಟಕ ಓಡಿತು. ಬರೆದದ್ದನ್ನು ಓದಿ ಹೇಳಿದರು. ಅವಳು ಹೆಬ್ಬೆಟ್ಟು ಒತ್ತಿದಳು.

ಸಂಜೆ ಅವಳು ಮನೆ ತಲುಪುವಷ್ಟರಲ್ಲಿ ಕೆಂಚ ಜಗಲಿಯಲ್ಲಿ ಕೂತಿದ್ದ.

"ಕೀ ಇಸ್ಕೊಂಡ್ರು," ಎಂದ. "ಏನಂದೆ ನೀನು?"

"ಇದ್ದಿದ್ದನ್ನೇ ಅಂದೆ."

ಅವನು ಬೈಯಲಿಲ್ಲ. ಮರುದಿನ ರೈಟರ್ ಹಾಜರಿ ಕರೆದಾಗ ಜವರಿಯ ಹೆಸರೂ ಬರಲಿಲ್ಲ. ಸುತ್ತ ನಿಂತವರು ನೆಲ ನೋಡುತ್ತಿದ್ದರು. ಹೆರಿಗೆಗೆಂದು ಯಮುನಾಳನ್ನು ತವರಿಗೆ ಕಳಿಸಿದರು. ಆಮೇಲೆ ತಿಂಗಳುಗಟ್ಟಲೆ, ಗೇಟಿನ ಬಳಿ ಎಸ್ಟೇಟಿನವರ ಬೈಕು ನಿಂತ ಸದ್ದಾದರೆ ಸಾಕು, ಜವರಿ ಒಲೆಯ ಮುಂದೆ ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ತೀರ್ಪು ಬಂತು: ಅದು ಎಲ್ಲರ ದಾರಿ. ಗೇಟು ಕಿತ್ತರು. ಪಂಚಾಯಿತಿಯವರು ಅದನ್ನು ರಸ್ತೆಯೆಂದು ಪುಸ್ತಕದಲ್ಲಿ ಬರೆದುಕೊಂಡು, ಜಲ್ಲಿ ಹಾಕಿ ರೋಲರ್ ಹಾಯಿಸಿದರು.

ಮಾರನೆಯ ಬೆಳಿಗ್ಗೆ ಜವರಿ ದೂರದ ಬೇರೊಂದು ತೋಟಕ್ಕೆ ಕಾಫಿ ಹಣ್ಣು ಕೊಯ್ಯಲು ಹೊರಟಳು. ಎರಡು ಗಾಡಿ ಹೋಗುವಷ್ಟು ಅಗಲದ ರಸ್ತೆ ಖಾಲಿ ಬಿದ್ದಿತ್ತು. ಅವಳು ಅಂಚಿನ ಹುಲ್ಲಿನ ಮೇಲೆ, ಕಾಫಿ ಗಿಡದ ರೆಂಬೆಗಳು ತೋಳಿಗೆ ತಾಗುವಷ್ಟು ಒತ್ತಿಕೊಂಡು, ಬೇಗ ಬೇಗ ನಡೆದಳು.